ಕೊನೆಯ ಅಂಕಿ ಪೆನ್‌ಹಾಲ್‌ಗೆ

ಅಕ್ಟೋಬರ್ 27, ಮಂಗಳವಾರ

ನಗರದ ಸಗಟು ಮಾರುಕಟ್ಟೆಯಿಂದ ವಾಪಸು ಬರುವಾಗ ದಾರಿಯುದ್ದಕ್ಕೂ ಆಳುವ ಪಕ್ಷದ ನಮ್ಮ ಶಾಸಕ ಪೆನ್‌ಹಾಲ್‌ನ ಮುಖ. ಬೇಲಿಗೊಂದು, ಕಂಬಕ್ಕೊಂದು. ಪ್ಲಾಸ್ಟಿಕ್ ಫಲಕದೊಳಗಿಂದ ಹಲ್ಲು ಕಿರಿಯುತ್ತಾನೆ, ಕೆಳಗೆ ‘ಸದಾ ನಿಮ್ಮ ಜೊತೆ’ ಎಂದು ಬರೆದಿದೆ. ಊರಿನ ಆಸ್ಪತ್ರೆಯ ಹೆರಿಗೆ ವಾರ್ಡಿಗೆ ಬೀಗ ಬಿದ್ದ ದಿನ ಈ ಸದಾ ಜೊತೆಗಿರುವವನು ಎಲ್ಲಿದ್ದನೋ ಎಂದು ನಾನು ಕೇಳಿದೆ. ಟ್ರಕ್ ಓಡಿಸುತ್ತಿದ್ದ ಅಣ್ಣ ನೆವ್ ಕಿವಿಗೆ ಬೀಳದವನಂತೆ ಗೇರು ಬದಲಿಸಿದ. ಆ ಫಲಕಗಳನ್ನು ಏಣಿ ಹತ್ತಿ ಕಟ್ಟಿದವನು ಅವನೇ.

ನೆವ್‌ನ ಖಾತೆಯನ್ನು ಒಮ್ಮೆ ನೋಡಿಬಿಡೋಣ. ಜಮೆಯ ಕಡೆ: ರೈಲ್ವೆಯಲ್ಲಿ ಸಿಗ್ನಲ್ ಕೆಲಸ ಮಾಡಿ ನಿವೃತ್ತನಾದವನು, ವಾರಕ್ಕೆರಡು ಸಲ ನಸುಕಿಗೇ ಎದ್ದು ನನ್ನ ತರಕಾರಿ ಟ್ರಕ್ ಓಡಿಸುತ್ತಾನೆ, ಪೆಟ್ಟಿಗೆ ಎತ್ತುತ್ತಾನೆ. ಸಂಬಳ ಎಂದರೆ ಮುಖ ಸಿಂಡರಿಸುತ್ತಾನೆ. ಒಂದು ಚೀಲ ಆಲೂಗಡ್ಡೆ ಒಯ್ಯುತ್ತಾನೆ, ಅಷ್ಟೆ. ಖರ್ಚಿನ ಕಡೆ ಒಂದೇ ಒಂದು ಬಾಬ್ತು: ಪಕ್ಷ. ಅಪ್ಪ ಆ ಪಕ್ಷ, ಅಜ್ಜ ಆ ಪಕ್ಷ, ಇವನು ನಮ್ಮೂರು ವಿರಬೀಲ್ ಶಾಖೆಯ ಕಾರ್ಯದರ್ಶಿ. ಅತ್ತಿಗೆ ಎನಿಡ್ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದಿರುವುದು ಒಂದು ಟೊಮ್ಯಾಟೊ ಮಡಿ, ಮತ್ತೆ ಶಾಖೆಯ ಸಭೆಗಳು.

ಅವನಿಲ್ಲದಿದ್ದರೆ ಅಂಗಡಿ ಒಂದು ಬೇಸಿಗೆ ದಾಟುವುದಿಲ್ಲ. ಅದು ಹಾಗಿರಲಿ. ಹೋಗುತ್ತ ಎರಡೂವರೆ ಗಂಟೆ, ಬರುತ್ತ ಎರಡೂವರೆ ಗಂಟೆ ನನ್ನ ಮಾತು ಕೇಳಿಸಿಕೊಳ್ಳುವ ಇನ್ನೊಬ್ಬ ಮನುಷ್ಯ ಈ ಖಂಡದಲ್ಲಿ ಇಲ್ಲ. ಕಟ್ಟಿಕೊಂಡ ಗಂಡನೇ ತಡೆಯಲಾಗದೆ ಎದ್ದು ಹೋದ.

ಊರಿನ ಹತ್ತಿರ ಬಂದಾಗ ನೆವ್ ಬಾಯಿ ಬಿಟ್ಟ.

“ಓಟಿನ ದಿನ ಶಾಲೆ ಗೇಟಲ್ಲಿ ನಿಂತು, ಹೀಗೆ ಓಟು ಹಾಕಿ ಅನ್ನೋ ನಮ್ಮ ಪಕ್ಷದ ಕಾರ್ಡ್ ಹಂಚ್ತೀಯಾ, ರೇಲೀನ್? ಜನ ಸಾಲ್ತಿಲ್ಲ. ಇರೋ ನಾಲ್ವರಲ್ಲಿ ಒಬ್ಬಳಿಗೆ ಮಂಡಿ ಆಪರೇಷನ್.”

“ಪೆನ್‌ಹಾಲ್‌ಗೆ ಓಟ್ ಹಾಕಿ ಅಂತ ನಾನು ಹೇಳ್ಬೇಕಾ?”

“ಹೇಳ್ಬೇಡ. ಕಾರ್ಡ್ ಕೊಡು, ಬಾಯಿ ಮುಚ್ಕೊಂಡಿರು.”

“ಮೊದಲನೇದು ಆಗುತ್ತೆ. ಎರಡನೇದು ಕಷ್ಟ.”

“ಗೊತ್ತು,” ಎಂದ. ಒಪ್ಪಿಕೊಂಡೆ. ಐದು ಗಂಟೆ ಕೇಳಿಸಿಕೊಳ್ಳುವವನಿಗೆ ಇಲ್ಲವೆನ್ನುವುದು ವ್ಯಾಪಾರಸ್ಥೆಗೆ ತರವಲ್ಲ.

ನವೆಂಬರ್ 5, ಗುರುವಾರ

ಇವತ್ತು ಅಂಗಡಿಯಲ್ಲಿ ತರಕಾರಿಗಿಂತ ಬೈಗುಳವೇ ಹೆಚ್ಚು ಖರ್ಚಾಯಿತು. ತಲೆಗೂದಲು ಕತ್ತರಿಸುವ ಶಾರ್ಲೀನ್ ಬಂದಳು.

“ಪೆನ್‌ಹಾಲ್ ನಮ್ಮ ಬೀದಿಗೆ ಬಂದಿದ್ದ ಕಣೇ. ಕೈ ಕೊಡೋಕೆ ಬಂದ. ಕೈತುಂಬ ಬಣ್ಣ ಇತ್ತು, ಹಾಗೇ ಕೊಟ್ಟೆ. ತೊಳೀತಾ ಇರ್ಲಿ ಕ್ರಿಸ್‌ಮಸ್ ತನಕ.”

ಹಂದಿ ಸಾಕುವ ಬ್ಯಾರಿ ಕಿಟ್ಟೊ ಮಾವಿನಹಣ್ಣು ಹಿಸುಕಿ ನೋಡುತ್ತ, “ಆ ಪಕ್ಷನ ಈ ಸಲ ಗುಂಡಿ ತೋಡಿ ಹೂಳ್ಬೇಕು. ಅರ್ಧಂಬರ್ಧ ಬಿಟ್ರೆ ಮತ್ತೆ ಚಿಗುರುತ್ತೆ,” ಎಂದ.

“ಹಣ್ಣು ಹಿಸುಕ್ಬೇಡ. ಪಕ್ಷ ಎಷ್ಟಾದ್ರೂ ಹಿಸುಕು,” ಎಂದೆ. ನಕ್ಕರು. ನಾನೂ ನಕ್ಕೆ. ನನಗೇನು ದುಃಖವೇ? ನೆವ್‌ನ ಮಗಳು ಕೆರಿನ್ ಹೋದ ಫೆಬ್ರವರಿಯಲ್ಲಿ ಹೆದ್ದಾರಿ ಪಕ್ಕ, ಗೋಧಿ ಕಣಜದ ನೆರಳಲ್ಲಿ, ಆಂಬುಲೆನ್ಸಿನೊಳಗೆ ಹೆತ್ತಳು. ಊರಲ್ಲಿ ವಾರ್ಡು ಮುಚ್ಚಿ ಆಗ ಮೂರು ತಿಂಗಳು. ಮಗು ನೀಲಿಗಟ್ಟಿತ್ತು. ಬದುಕಿತು, ಅದು ಯಾರ ಪುಣ್ಯವೋ, ಪೆನ್‌ಹಾಲ್‌ನದಂತೂ ಅಲ್ಲ. ಅವನು ಹೂಗುಚ್ಛ ಕಳಿಸಿದ. ಕೆರಿನ್ ಅದನ್ನು ಕಸದ ಡಬ್ಬಿಗೆ ಹಾಕಿದಳು. ಹೆತ್ತ ಅಪ್ಪ ಮಾತ್ರ “ಪಕ್ಷದ ಒಳಗಿದ್ರೆ ತಾನೆ ವಾರ್ಡ್ ಮತ್ತೆ ತೆಗೆಸೋಕಾಗೋದು, ಹೊರಗೆ ನಿಂತು ಏನು ಮಾಡ್ತೀಯ?” ಎಂದು ಫಲಕ ಕಟ್ಟಲು ಹೋದ. ಅವತ್ತಿಂದ ಕೆರಿನ್ ಅಪ್ಪನ ಮನೆ ಮೆಟ್ಟಿಲು ತುಳಿದಿಲ್ಲ.

ಮಧ್ಯಾಹ್ನ ಬೆಲೆಯ ಹಲಗೆ ಬರೆಯುತ್ತಿದ್ದಾಗ ನೆವ್ ಬಂದ. ಹದಿನೈದನೇ ವಯಸ್ಸಿಗೆ ನಾನು ಕೆಲಸಕ್ಕೆ ಸೇರಿದ್ದು ಬರ್ತೊಲೀನಿ ಎಂಬ ಇಟಲಿ ಮುದುಕನ ಹಣ್ಣಿನಂಗಡಿಗೆ. ಅಂಕಿ ಬರೆಯುವುದನ್ನು ಅವನೇ ತಿದ್ದಿಸಿದ. ಅವನ ಹಾಗೆಯೇ ನನ್ನ 7ರ ಸೊಂಟಕ್ಕೂ ಒಂದು ಅಡ್ಡಗೆರೆ. ಅಂಗಡಿ ಅವನಿಂದ ಕೊಂಡೆ, ಗೆರೆ ಜೊತೆಗೇ ಬಂತು. ನನ್ನ ಸಹಿ ಬ್ಯಾಂಕಿನವರಿಗೂ ನೆನಪಿರಲಿಕ್ಕಿಲ್ಲ, ನನ್ನ 7 ಇಡೀ ಊರಿಗೆ ಗೊತ್ತು.

ನೆವ್‌ಗೆ ಬೇಜಾರಾಗಿತ್ತು. ಮತಪತ್ರದಲ್ಲಿ ಯಾರ ಹೆಸರು ಎಲ್ಲಿ ಬರಬೇಕು ಎಂದು ಚೀಟಿ ಎತ್ತಿದರಂತೆ. ಏಳು ಜನರಲ್ಲಿ ಎಲ್ಲಕ್ಕಿಂತ ಮೇಲಿನ ಜಾಗ ವಾರಿಕ್ ಸ್ಟ್ರೂಡ್‌ಗೆ ಬಂತಂತೆ. ನನಗೆ ನಗು ಬಂತು. ಸ್ಟ್ರೂಡ್ ಎಂದರೆ ವೃದ್ಧರಿಗೆ ಮನೆ ಕಟ್ಟಿ ಮಾರುವ ಜಮೀನು ದಲ್ಲಾಳಿ. ರೈಲ್ವೆ ನೌಕರರ ಕ್ಲಬ್ಬನ್ನು ಕೊಂಡು ಮುದುಕರನ್ನು ಬೀದಿಗೆ ಹಾಕಿದವನು. ಆಸ್ಪತ್ರೆ ಬಿಳಿಯಾನೆ, ಪೂರ್ತಿ ಮಾರಿಬಿಡಿ ಅನ್ನುತ್ತಾನೆ. ಅವನ ಮನೆಯ ನಾಯಿಗೆ ಓಟು ಕೊಟ್ಟರೆ ಅದೂ ಬೇರೆಯವರಿಗೆ ಹಾಕುತ್ತದೆ.

“ನಗ್ಬೇಡ,” ಎಂದು ನೆವ್ ಎಂದಿನ ಪಾಠ ಶುರುಮಾಡಿದ. “ನಿನ್ನ ಓಟು ಒಂದೇ ಕಡೆ ಕೂರಲ್ಲ ರೇ, ನಡೀತಾ ಹೋಗುತ್ತೆ. ಒಂದು ಅಂತ ಹಾಕ್ದೋನು ಎಣಿಕೆಯಿಂದ ಬಿದ್ರೆ ಎರಡು ಅಂತ ಹಾಕ್ದೋನ ಮನೆಗೆ. ಅವ್ನೂ ಬಿದ್ರೆ ಮೂರನೇ ಮನೆಗೆ. ಅದಕ್ಕೇ ಏಳೂ ಜನಕ್ಕೆ ಅಂಕಿ ಹಾಕು ಅನ್ನೋದು. ಒಂದು ಚೌಕ ಬಿಟ್ರೂ ಚೀಟಿ ಕಸ.”

“ನಲವತ್ತು ವರ್ಷದಿಂದ ಹಾಕ್ತಿದ್ದೀನಪ್ಪ. ಸೌತೆಕಾಯಿ ಎಷ್ಟು ಕೇಜಿ ತರೋಣ ಹೇಳು.”

ನವೆಂಬರ್ 21, ಶನಿವಾರ

ಕಾಲು ಊದಿವೆ. ಆದರೂ ಬರೆಯದೆ ಇರಲಾರೆ.

ಬೇಸಿಗೆ ಬಂತು, ಬಿಸಿಗಾಳಿ. ಶಾಲೆಯ ಗೇಟಿನಲ್ಲಿ ಎಲ್ಲ ಪಕ್ಷದವರೂ ಸಾಲಾಗಿ ನಿಂತಿದ್ದೆವು. ನನ್ನ ಮೈಮೇಲೆ ಪಕ್ಷದ ಟೀ ಶರ್ಟು, ಬೆನ್ನ ಮೇಲೆ ಪೆನ್‌ಹಾಲ್‌ನ ಹೆಸರು. ಪಕ್ಕದಲ್ಲಿ ಎದುರು ಪಕ್ಷದ ಕಾರ್ಡು ಹಿಡಿದು ದನದ ಡಾಕ್ಟರ್ ಅಲಿಸ್ಟರ್ ಬ್ರೇ. ಮೂಗಿಗೆ ಹಚ್ಚಿಕೊಳ್ಳಲು ಬಿಸಿಲಿನ ಕ್ರೀಮನ್ನು ಅವನೇ ಕೊಟ್ಟ. ಮಕ್ಕಳ ತಾಯಂದಿರು ಬಾಣಲೆಯ ಮೇಲೆ ಸಾಸೇಜು, ಈರುಳ್ಳಿ ಹುರಿಯುತ್ತಿದ್ದರು. ಈರುಳ್ಳಿ ನನ್ನ ಅಂಗಡಿಯದು.

ಈ ದೇಶದಲ್ಲಿ ಓಟು ಹಾಕದಿದ್ದರೆ ದಂಡ ಬೀಳುತ್ತದೆ, ಹಾಗಾಗಿ ಸಿಟ್ಟಿದ್ದವರೂ ಮನೆಯಲ್ಲಿ ಕೂರುವಂತಿಲ್ಲ. ಎಲ್ಲರೂ ಬಂದರು, ಸಿಟ್ಟನ್ನೂ ಕರೆದುಕೊಂಡು ಬಂದರು.

“ಸಾಸೇಜಿಗೆ ಬಂದಿದ್ದು ಕಣಮ್ಮ, ನಿನ್ನ ಕಾಗದಕ್ಕಲ್ಲ.”

“ಕೊಡು ಕೊಡು. ನಾಯಿ ಹೇಲು ಎತ್ತೋಕೆ ಬೇಕಿತ್ತು.”

“ರೇಲೀನ್! ನೀನೂನಾ? ನಾಚಿಕೆ ಆಗಲ್ವಾ?”

“ಆಗುತ್ತೆ. ನಾಚಿಕೆಗೇನು ಬಾಡಿಗೆ ಕೊಡ್ಬೇಕಾ?” ಎಂದೆ. ನೆವ್ ಮಾತ್ರ ಪ್ರತಿಯೊಬ್ಬರಿಗೂ “ನಮಸ್ಕಾರ, ಥ್ಯಾಂಕ್ಸ್” ಎನ್ನುತ್ತಿದ್ದ. ಒಬ್ಬ ಅವನ ಕಾರ್ಡನ್ನು ಮುಖದೆದುರೇ ಹರಿದು ಚೂರುಗಳನ್ನು ಅವನ ಟೋಪಿಯ ಅಂಚಿಗೆ ಸುರಿದ. ನೆವ್ ಟೋಪಿ ತೆಗೆದು ಕೊಡವಿ ಮತ್ತೆ ಹಾಕಿಕೊಂಡ. ಕೆರಿನ್ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಬಂದಳು. ಅಪ್ಪ ಚಾಚಿದ ಕಾರ್ಡನ್ನು ನೋಡಲೇ ಇಲ್ಲ. “ಬಿಸಿಲು ಜಾಸ್ತಿ, ಮಗುಗೆ ಟೋಪಿ ಹಾಕು,” ಎಂದ ಅವಳ ಬೆನ್ನಿಗೆ.

ಜನ ತೆಳ್ಳಗಾದಾಗ ನಾನು ಒಳಗೆ ಹೊರಟೆ. ಮತಗಟ್ಟೆಯೊಳಗೆ ಪಕ್ಷದ ಬಟ್ಟೆ ಕಾಣಕೂಡದು. ನೆವ್ ಆ ಸೆಖೆಯಲ್ಲೂ ಬಿಚ್ಚದ ತನ್ನ ಕೋಟನ್ನು ತೆಗೆದು ನನಗೆ ಹೊದಿಸಿ, ಗುಂಡಿ ಹಾಕಿಕೊಟ್ಟ.

ರಟ್ಟಿನ ಮರೆಯಲ್ಲಿ, ದಾರಕ್ಕೆ ಕಟ್ಟಿದ ಪೆನ್ಸಿಲ್. 1ನ್ನು ನರ್ಸ್ ಇಮೆಲ್ಡಾಗೆ ಹಾಕಿದೆ, ಹೆರಿಗೆ ವಾರ್ಡು ತೆಗೆಸುತ್ತೇನೆಂದು ಒಬ್ಬಳೇ ನಿಂತವಳು. ಆಮೇಲೆ ನೇರ ಪೆನ್‌ಹಾಲ್‌ನ ಚೌಕಕ್ಕೆ ಹೋಗಿ 7 ಬರೆದೆ. ನಿಧಾನವಾಗಿ ಬರೆದೆ, ಸೊಂಟದ ಗೆರೆಯನ್ನು ಎರಡು ಸಲ ಎಳೆದೆ. ಉಳಿದ ಚೌಕಗಳನ್ನು ಮೇಲಿಂದ ಕೆಳಕ್ಕೆ ತುಂಬಿಸಿದೆ, ಕೋಳಿಗೆ ಕಾಳು ಎರಚಿದ ಹಾಗೆ. ಬಹಳ ದಿನದ ಮೇಲೆ ಹೊಟ್ಟೆ ತಣ್ಣಗಾಯಿತು.

ಹೊರಗೆ ಬಂದು ಕೋಟು ಹಿಂದಿರುಗಿಸಿದೆ. “ಆಯ್ತಾ?” ಎಂದ. “ಆಯ್ತು,” ಎಂದೆ. ಸಂಜೆ ಗೇಟು ಮುಚ್ಚಿದ ಮೇಲೆ ಅವನು ಎಣಿಕೆ ನೋಡಲು ಪಕ್ಷದ ಏಜೆಂಟನಾಗಿ ಒಳಗೆ ಹೋದ. ನಾನು ಮನೆಗೆ ಬಂದು ಟಿವಿ ಹಾಕಿದೆ. ಸಾರಿಗೆ ಉಪ್ಪು ಹಾಕುವಷ್ಟರಲ್ಲಿ ಸರ್ಕಾರ ಬಿದ್ದಿತ್ತು.

ನವೆಂಬರ್ 22, ಭಾನುವಾರ

ಬರೀ ಬೀಳಲಿಲ್ಲ, ಮೂಳೆ ಮುರಿದುಕೊಂಡಿತು. ಅರ್ಧಕ್ಕಿಂತ ಹೆಚ್ಚು ಸ್ಥಾನ ಹೋಗಿವೆ. ಮಂತ್ರಿಗಳು ಸಾಲಾಗಿ ಬಂದು ‘ಜನರ ಸಂದೇಶ ನಮಗೆ ಅರ್ಥವಾಗಿದೆ’ ಎನ್ನುತ್ತಿದ್ದಾರೆ. ಕಪಾಳಕ್ಕೆ ಬಿದ್ದದ್ದನ್ನು ಸಂದೇಶ ಎನ್ನುವುದು ಇವರಿಗೆ ಮಾತ್ರ ಸಾಧ್ಯ.

ನಮ್ಮ ಕ್ಷೇತ್ರದ ಲೆಕ್ಕ ಇನ್ನೂ ಮುಗಿದಿಲ್ಲ. ಓಟುಗಳು ಏಳು ಕಡೆ ಚದುರಿವೆ, ಅಂಚೆಯವೂ ಬರಬೇಕು. ಪೆನ್‌ಹಾಲ್ ಗೆಲ್ಲುವುದಿಲ್ಲ, ಅಷ್ಟು ಖಚಿತ. ಅಷ್ಟು ಸಾಕು.

ನೆವ್ ಫೋನ್ ಮಾಡಲಿಲ್ಲ. ಸೋತವನಿಗೆ ಒಂದು ದಿನ ಬಿಡಬೇಕು.

ನವೆಂಬರ್ 24, ಮಂಗಳವಾರ

ಮಾರುಕಟ್ಟೆಗೆ ನೆವ್ ಬರಲಿಲ್ಲ. ‘ಬೆನ್ನು ನೋವು’ ಎಂದು ಸಂದೇಶ. ಒಬ್ಬಳೇ ಹೋಗಿ ಒಬ್ಬಳೇ ಬಂದೆ. ರೇಡಿಯೋದಲ್ಲಿ ಪೂರ್ತಿ ಸೋಲಿನದ್ದೇ ಸುದ್ದಿ, ಬಯ್ಯಲು ಎಷ್ಟೊಂದು ಸರಕು, ಪಕ್ಕದ ಸೀಟಿನಲ್ಲಿ ಯಾರೂ ಇಲ್ಲ.

ಅಂಗಡಿಯಲ್ಲಿ ಜಾತ್ರೆ. ಪೆನ್‌ಹಾಲ್‌ನ ಕಚೇರಿ ಬಾಗಿಲಿಗೆ ಯಾರೋ ಸತ್ತ ಮೀನು ನೇತುಹಾಕಿದ್ದಾರೆ. ಶಾರ್ಲೀನ್ ಸೇಬು ಆರಿಸುತ್ತ, “ನಿನ್ನ ಅಣ್ಣ ಅಳ್ತಿದ್ದಾನಾ?” ಎಂದು ಕೇಳಿದಳು. “ಕೇಳಿ ಹೇಳ್ತೀನಿ,” ಎಂದೆ. ನಗುವಿನಲ್ಲಿ ನಾನೂ ಪಾಲು ತಗೊಂಡೆ.

ನವೆಂಬರ್ 27, ಶುಕ್ರವಾರ

ಇವತ್ತೂ ಬರಲಿಲ್ಲ. ಒಬ್ಬಳೇ ವಾಪಸು ಬರುವಾಗ ಊರಾಚೆಯ ತಿರುವಿನಲ್ಲಿ ನೆವ್ ಕಾಣಿಸಿದ. ಏಣಿ ಹತ್ತಿ ಕಂಬದಿಂದ ಪೆನ್‌ಹಾಲ್‌ನನ್ನು ಇಳಿಸುತ್ತಿದ್ದಾನೆ. ಚುನಾವಣೆಯ ನಂತರ ಫಲಕ ಬಿಚ್ಚದಿದ್ದರೆ ಪುರಸಭೆಯವರು ಸುಮ್ಮನಿರುವುದಿಲ್ಲ. ಕಟ್ಟುವಾಗ ನಾಲ್ವರಿದ್ದರು, ಬಿಚ್ಚುವಾಗ ಇವನೊಬ್ಬನೇ. ಬೆನ್ನು ನೋವಿನವನು ಏಣಿ ಹತ್ತುತ್ತಾನೆಯೇ? ಕೇಳಬೇಕೆಂದು ಟ್ರಕ್ ನಿಧಾನ ಮಾಡಿದೆ. ನನ್ನ ಮುಂದಿದ್ದ ಕಾರಿನವನು ಹಾರ್ನ್ ಒತ್ತಿ, ಕಿಟಕಿಯಿಂದ ತಲೆ ಹೊರಹಾಕಿ, “ಹಾಗೇ ನೇಣು ಹಾಕ್ಕೊಳ್ಳೋ ಮುದಿಯಾ!” ಎಂದು ಕೂಗಿ ಹೋದ. ಏಣಿ ಅಲುಗಿತು. ನೆವ್ ಕಂಬ ಹಿಡಿದುಕೊಂಡ. ತಿರುಗಿ ನೋಡಿದ. ಕೂಗಿದವನ ಹಿಂದೆಯೇ ಇದ್ದ ನನ್ನ ಟ್ರಕ್ಕು ಅವನಿಗೆ ಕಂಡಿತು.

ನಾನು ನಿಲ್ಲಿಸಲಿಲ್ಲ. ಹಿಂದೆ ಸೊಪ್ಪು ಬಾಡುತ್ತಿತ್ತು.

ಡಿಸೆಂಬರ್ 1, ಮಂಗಳವಾರ

ದನದ ಡಾಕ್ಟರ್ ಬ್ರೇ ಕಲ್ಲಂಗಡಿಗೆ ಬಂದ. ಅವನ ಪಕ್ಷ ರಾಜ್ಯ ಗೆದ್ದಿದೆ, ಮುಖ ಅರಳಿರಬೇಕಿತ್ತು. ಆದರೆ ಇಲ್ಲಿನ ಎಣಿಕೆ ಏನೋ ವಕ್ರವಾಗುತ್ತಿದೆಯಂತೆ.

“ನಿಮ್ಮಣ್ಣ ವಿಚಿತ್ರ ಮನುಷ್ಯ ಕಣ್ರೀ ರೇಲೀನ್,” ಎಂದ. “ಎಣಿಕೆ ದಿನ ನಾನೂ ಏಜೆಂಟಾಗಿ ಟೇಬಲ್ ಹತ್ರ ಇದ್ನಲ್ಲ. ಒಂದು ಚೀಟಿ ಬಂತು. ಪೆನ್‌ಹಾಲ್ ಮುಂದಿನ ಅಂಕಿಗೆ ಅಡ್ಡಗೆರೆ. ಅಧಿಕಾರಿಗೆ ಅದು ಹೊಡೆದುಹಾಕಿದ ಅಂಕಿ ಥರ ಕಾಣ್ತು. ಕುಲಗೆಟ್ಟ ಓಟು ಅಂತ ಆ ಕಡೆ ರಾಶಿಗೆ ಹಾಕೋಕೆ ಹೋದ್ಲು. ನಾನು ಸುಮ್ನಿದ್ದೆ. ನಿಮ್ಮಣ್ಣ ಬಿಡ್ಲಿಲ್ಲ. ‘ಅದು ಏಳು. ಹಾಗೆ ಬರೆಯೋರಿದ್ದಾರೆ. ಓಟು ಸರಿಯಾಗಿದೆ, ಎಣಿಸಿ’ ಅಂದ. ‘ಸ್ವಾಮಿ, ಇದು ನಿಮ್ಮೋನಿಗೇ ಕಡೇ ಸ್ಥಾನ ಕೊಟ್ಟಿರೋ ಓಟು’ ಅಂದ್ಲು ಅವಳು. ‘ನಂಗೆ ಕಣ್ಣು ಕಾಣುತ್ತಮ್ಮ’ ಅಂದ. ಪುಸ್ತಕ ತೆಗೆಸಿ ನಿಯಮ ಓದಿಸಿದ ರೀ! ತನ್ನ ಪಕ್ಷಕ್ಕೆ ಒದ್ದವರ ಓಟಿಗೋಸ್ಕರ ಯಾರಾದ್ರೂ…”

ಅಷ್ಟರಲ್ಲಿ ಅವನ ಕಣ್ಣು ನನ್ನ ತಲೆಯ ಮೇಲಿನ ಹಲಗೆಗೆ ಹೋಯಿತು. ಕಲ್ಲಂಗಡಿ, 7 ಡಾಲರ್. ಬ್ರೇಯ ಬಾಯಿ ತೆರೆದದ್ದು ಹಾಗೇ ಉಳಿಯಿತು.

“ಚಿಲ್ಲರೆ ಇಟ್ಕೊಳ್ಳಿ,” ಎಂದು ಹಣ್ಣು ಕಂಕುಳಲ್ಲಿ ಇಟ್ಟುಕೊಂಡು ಹೋದ.

ಅಂಗಡಿ ಬೇಗ ಮುಚ್ಚಿದೆ. ತಲೆ ಸಿಡಿಯುತ್ತಿತ್ತು, ಸೆಖೆ.

ಡಿಸೆಂಬರ್ 2

ಅವನಿಗೆ ಗೊತ್ತು.

ಡಿಸೆಂಬರ್ 5, ಶನಿವಾರ

ಗೊತ್ತಿದ್ದರೆ ಏನಂತೆ? ಓಟು ನನ್ನದು. ಮಗು ನೀಲಿಗಟ್ಟಿದ್ದು ನಾನು ನೋಡಿದ್ದೇನೆ. ಕ್ಷಮೆ ಕೇಳುವಂಥದ್ದು ನಾನೇನೂ ಮಾಡಿಲ್ಲ, ಕೇಳುವುದೂ ಇಲ್ಲ. ಎಂದು ಬೆಳಗ್ಗೆಯಿಂದ ಎಲೆಕೋಸಿಗೆ ಹೇಳುತ್ತಿದ್ದೇನೆ.

ಮಧ್ಯಾಹ್ನ ಬ್ಯಾರಿ ಕಿಟ್ಟೊ ಬಂದು, ಪೆನ್‌ಹಾಲ್‌ನ ಫಲಕವೊಂದನ್ನು ಹಂದಿ ಗೂಡಿಗೆ ಬಾಗಿಲು ಮಾಡಿದ್ದೇನೆಂದು ಫೋಟೋ ತೋರಿಸಿದ. ಸುತ್ತ ನಿಂತವರು ಹೊಟ್ಟೆ ಹಿಡಿದುಕೊಂಡು ನಕ್ಕರು.

“ಇನ್ನೊಂದು ಬಾಗಿಲು ಬೇಕು ಕಣೇ ರೇ. ನಿಮ್ಮಣ್ಣನ್ನ ಕಳಿಸು, ಅವನೂ ಹಲಗೆ ಥರಾನೇ ಇದ್ದಾನೆ.”

“ಬುಟ್ಟಿ ಕೆಳಗಿಡು,” ಎಂದೆ.

“ಏನು?”

“ಹಣ್ಣು ಎಲ್ಲಿತ್ತೋ ಅಲ್ಲಿಡು. ಸೂಪರ್ ಮಾರ್ಕೆಟ್ ಎದುರಿಗೇ ಇದೆ. ಅಲ್ಲಿ ನಿನ್ನ ಜೋಕಿಗೆ ನಗೋ ಮೆಷಿನ್ ಇಟ್ಟಿದ್ದಾರೆ, ಹೋಗು.”

ಮಾವನ್ನು ಪೆಟ್ಟಿಗೆಗಟ್ಟಲೆ ಒಯ್ಯುವ ಗಿರಾಕಿ. ಹೋದ. ಹಂದಿಗೆ ಎಂದು ಒಯ್ಯುತ್ತಿದ್ದ ಕೊಳೆತ ಸೊಪ್ಪನ್ನು ಇನ್ನು ನಾನೇ ಸಾಗಿಸಬೇಕು. ಈ ಸೆಖೆಯಲ್ಲಿ ವ್ಯಾಪಾರ ಬುದ್ಧಿಯೇ ಮಂಕಾಗುತ್ತದೆ.

ಡಿಸೆಂಬರ್ 8, ಮಂಗಳವಾರ

ಲೆಕ್ಕ ಮುಗಿಯಿತು. ಫಲಿತಾಂಶ ಕೇಳಿ ಟ್ರಕ್ಕನ್ನು ರಸ್ತೆ ಪಕ್ಕಕ್ಕೆ ನಿಲ್ಲಿಸಿದೆ.

ವಾರಿಕ್ ಸ್ಟ್ರೂಡ್.

ಹೇಗೆ ಎಂದು ರೇಡಿಯೋದವನು ಬಿಡಿಸಿ ಹೇಳಿದ. 1 ಎಂದು ಅವನಿಗೆ ಹಾಕಿದವರು ಕೆಲವರೇ. ಆದರೆ ಸಿಟ್ಟಿದ್ದ ಜನ ತಮಗೆ ಬೇಕಾದವರಿಗೆ 1 ಬರೆದು, ಪೆನ್‌ಹಾಲ್‌ಗೆ 7 ಬರೆದು, ಉಳಿದದ್ದನ್ನು ಮೇಲಿಂದ ಕೆಳಕ್ಕೆ ತುಂಬಿಸಿದ್ದಾರೆ. ಮೇಲಿದ್ದ ಹೆಸರು ಸ್ಟ್ರೂಡ್‌ನದು. ಚಿಲ್ಲರೆ ಓಟಿನವರು ಮೊದಲು ಬಿದ್ದು ಅವನನ್ನು ಮೇಲೆತ್ತಿದರು. ಆಮೇಲೆ ನರ್ಸ್ ಇಮೆಲ್ಡಾ ಎಣಿಕೆಯಿಂದ ಬಿದ್ದಳು, ಅವಳ ಓಟುಗಳು ಅವನ ಮನೆಗೆ ನಡೆದವು. ಬ್ರೇಯ ಪಕ್ಷದವನು ಬಿದ್ದ, ಅವೂ ಅಲ್ಲಿಗೇ. ಕೊನೆಯಲ್ಲಿ ಉಳಿದದ್ದು ಇಬ್ಬರು, ಸ್ಟ್ರೂಡ್ ಮತ್ತು ಹಳೆಯ ನಿಷ್ಠರ 1ಗಳಿಂದ ಬಚಾವಾದ, ಉಳಿದವರೆಲ್ಲ 7 ಕೊಟ್ಟ ಪೆನ್‌ಹಾಲ್.

ಸ್ಟ್ರೂಡ್‌ನ ಮೊದಲ ಮಾತು: ವಿರಬೀಲ್ ಆಸ್ಪತ್ರೆಯ ಜಾಗಕ್ಕೆ ಒಳ್ಳೆಯ ಬೆಲೆ ಬರುತ್ತದೆ, ಹೊಸ ಸರ್ಕಾರದ ಜೊತೆ ಮಾತಾಡುತ್ತೇನೆ. ವಾರ್ಡು ಅಲ್ಲ, ಇಡೀ ಆಸ್ಪತ್ರೆ.

ಅಂಗಡಿಗೆ ಬಂದವರೆಲ್ಲ “ನಾನಲ್ಲ”, “ನಾನಂತೂ ಅಲ್ಲ” ಎನ್ನುತ್ತಿದ್ದರು. ನಾನು ಆಲೂಗಡ್ಡೆ ತೂಗುತ್ತಿದ್ದೆ.

ಡಿಸೆಂಬರ್ 9, ಬುಧವಾರ

ನೆವ್‌ನ ಮನೆಗೆ ಹೋದೆ, ಜಗಳ ಆಡಲೆಂದೇ. ಹಿತ್ತಲಲ್ಲಿ ಟೊಮ್ಯಾಟೊಗೆ ನೀರು ಬಿಡುತ್ತಿದ್ದ. ಪೆನ್‌ಹಾಲ್‌ಗಳನ್ನೆಲ್ಲ ಶೆಡ್ಡಿಗೆ ಒರಗಿಸಿದ್ದ, ಮುಖ ಗೋಡೆಯ ಕಡೆಗೆ.

“ಬ್ರೇ ಹೇಳ್ದ,” ಎಂದೆ.

“ಅವ್ನ ಬಾಯಿ ದನಕ್ಕಿಂತ ದೊಡ್ಡದು.”

“ನೀನು ಸುಮ್ನಿದ್ದಿದ್ರೆ ಆ ಓಟು ಕಸಕ್ಕೆ ಹೋಗ್ತಿತ್ತು.”

“ಸರಿಯಾಗಿರೋ ಓಟು ಕಸಕ್ಕೆ ಯಾಕೆ ಹೋಗ್ಬೇಕು?”

“ನಂದು ಅಂತ ಗೊತ್ತಿತ್ತು ನಿಂಗೆ.”

“ಗೆರೆ ಎರಡೆರಡು ಸಲ ಎಳೆದಿದ್ದೆ. ಕುರುಡನಿಗೂ ಗೊತ್ತಾಗ್ತಿತ್ತು.”

“ಹಾಗಾದ್ರೆ ಬಯ್ಯಿ! ಬೆನ್ನು ನೋವು ಅಂತ ಸುಳ್ಳು ಯಾಕೆ? ನಿನ್ನ ಪಾರ್ಟಿ ಆ ವಾರ್ಡ್ ಮುಚ್ತು ನೆವ್. ನಿನ್ನ ಮಗಳು ರಸ್ತೆ ಪಕ್ಕ ಹೆತ್ತಳು. ನೀನು ಅದಾದ ಮೇಲೂ ಅವರಿಗೇ ಏಣಿ ಹತ್ತಿದೆ. ಏಳಲ್ಲ, ಎಪ್ಪತ್ತು ಅಂತ ಹಾಕೋ ಹಾಗಿದ್ರೆ ಹಾಕ್ತಿದ್ದೆ!”

ಪಕ್ಕದ ಮನೆಯ ನಾಯಿ ಬೊಗಳತೊಡಗಿತು. ನೆವ್ ನಲ್ಲಿ ನಿಲ್ಲಿಸಿದ. ಪೈಪನ್ನು ಸುರುಳಿ ಸುತ್ತಿ ಮೊಳೆಗೆ ಹಾಕಿದ. ಆಮೇಲೆ ನನ್ನ ಕಡೆ ತಿರುಗಿದ.

“ಕೋಪ ಇದೆ. ಇಲ್ಲ ಅನ್ನಲ್ಲ. ನನ್ನ ಕೋಟು ಹಾಕ್ಕೊಂಡು ಹೋಗಿ ಹಾಕ್ದೆ. ಆದ್ರೆ ಏಳು ಹಾಕಿದ್ದಕ್ಕಲ್ಲ. ಒಂದನ್ನ ಇಮೆಲ್ಡಾಗೆ ಕೊಟ್ಟೆ. ಸರಿ, ಕೊಡ್ಬೇಕಾಗಿತ್ತು. ಎರಡು ಯಾರಿಗೆ ಕೊಟ್ಟೆ?”

ಹೋದ ವಾರ ಯಾವ ರೈತನಿಂದ ಎಷ್ಟು ಪೆಟ್ಟಿಗೆ ಬದನೆ ಬಂತು, ಅದರಲ್ಲಿ ಎಷ್ಟು ಕೊಳೆತಿತ್ತು ಎಂದು ಕೇಳಿದರೆ ನಿದ್ದೆಯಲ್ಲೂ ಹೇಳುತ್ತೇನೆ.

“ನೆನಪಿಲ್ಲ,” ಎಂದೆ.

“ನಂಗೆ ನೆನಪಿದೆ,” ಎಂದ ನೆವ್.

ಒಂದು ಬಟ್ಟಲು ಟೊಮ್ಯಾಟೊ ಕಿತ್ತು ಕೊಟ್ಟ. ತರಕಾರಿ ಅಂಗಡಿಯವಳಿಗೆ ಟೊಮ್ಯಾಟೊ. ತಗೊಂಡು ಬಂದೆ.

ಡಿಸೆಂಬರ್ 18, ಶುಕ್ರವಾರ

ಒಂಬತ್ತು ದಿನ ಏನೂ ಬರೆದಿಲ್ಲ. ಕ್ರಿಸ್‌ಮಸ್ ವ್ಯಾಪಾರ, ಚೆರಿಹಣ್ಣು, ಬೆನ್ನು. ನಿಜವಾದ ಬೆನ್ನು ನೋವು.

ಇವತ್ತು ಅಂಗಡಿ ತುಂಬಿತ್ತು. ಆಸ್ಪತ್ರೆಯ ಗೇಟಿಗೆ ಅಳತೆ ಟೇಪು ಹಿಡಿದವರು ಬಂದಿದ್ದರಂತೆ. ಸಾಲಿನಲ್ಲಿ ನಿಂತಿದ್ದ ಶಾರ್ಲೀನ್ ಎಲ್ಲರಿಗೂ ಕೇಳುವ ಹಾಗೆ, “ಆ ಸ್ಟ್ರೂಡ್‌ಗೆ ಓಟು ಹಾಕಿದ ಪುಣ್ಯಾತ್ಮರು ಯಾರು ಅಂತ? ಕೈಗೆ ಸಿಕ್ಕಿದ್ರೆ ತಲೆ ಬೋಳಿಸ್ತೀನಿ,” ಎಂದಳು.

“ಬೋಳಿಸು. ನಾನು,” ಎಂದೆ.

ಸಾಲು ನಕ್ಕಿತು.

“ತಮಾಷೆ ಅಲ್ಲ. ಎರಡು ಅಂತ ಹಾಕ್ದೆ. ಹೆಸರು ಓದ್ಲಿಲ್ಲ, ಮೇಲಿತ್ತು, ತುಂಬಿಸ್ದೆ. ನಿನ್ನ ಎರಡು ಯಾರಿಗೆ ಹೋಯ್ತು ಶಾರ್ಲೀನ್?”

“ನಂದಾ? ನಾನು ಆ… ಏ, ಅದೆಲ್ಲ ಗುಟ್ಟು ಕಣೇ.”

“ಗುಟ್ಟಲ್ಲ, ನಿಂಗೇ ಗೊತ್ತಿಲ್ಲ. ನಿಂದು ಹೇಳಪ್ಪ. ನಿಂದು? ಪೆನ್‌ಹಾಲ್‌ಗೆ ಏಳು ಹಾಕಿದ್ದು ಎಲ್ರಿಗೂ ನೆನಪಿದೆ ಅಲ್ವಾ? ನಂಗೂ ಇದೆ, ಈಗ್ಲೂ ಹಾಕ್ತೀನಿ. ಆ ವಾರ್ಡಿಗೆ ಬೀಗ ಹಾಕಿದೋರು ಅವ್ರು. ಬೀಗದ ಕೈನ ದಲ್ಲಾಳಿ ಕೈಗೆ ಕೊಟ್ಟೋರು ನಾವು. ಅಂಗಡೀಲಿ ನಿಂತು ನಾನಲ್ಲ ನಾನಲ್ಲ ಅನ್ಬೇಡಿ, ಹಣ್ಣು ಹುಳಿಯಾಗುತ್ತೆ.”

“ಹಬ್ಬದ ಹೊತ್ತಲ್ಲಿ ಒಳ್ಳೇ ಮಾತು,” ಎಂದು ಯಾರೋ ಬುಟ್ಟಿ ಅಲ್ಲೇ ಇಟ್ಟು ಹೊರಟರು. ಶಾರ್ಲೀನ್ ಚೆರಿಯ ಪೊಟ್ಟಣವನ್ನು ಕೌಂಟರಿನ ಮೇಲೆ ಕುಕ್ಕಿ, ನಿನ್ನ ಕೂದಲಿಗೆ ಇನ್ನು ಮೇಲೆ ಕುರಿ ಕತ್ತರಿಸುವವನನ್ನು ಕರೆಸಿಕೋ ಎಂದಳು. ಹಬ್ಬದ ಹಿಂದಿನ ಶುಕ್ರವಾರ ಇಂಥ ಬಾಯಿ ಮಾಡುವವಳು ವ್ಯಾಪಾರ ಕಲಿತದ್ದೇ ದಂಡ. ಸಾಲು ಕರಗಿತು. ಕರಗಿದ ಮೇಲೆ ಕೊನೆಯಲ್ಲಿ ನೆವ್ ನಿಂತಿದ್ದ. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ. ಕೈಯಲ್ಲಿ ಒಂದು ಚೀಲ ಆಲೂಗಡ್ಡೆ.

“ಎಷ್ಟು?” ಎಂದ.

ಬೆಲೆ ಹೇಳಿದೆ. ಎಂದೂ ಕೊಡದವನು ಎಣಿಸಿ ಕೊಟ್ಟ. ಎಂದೂ ತಗೊಳ್ಳದವಳು ತಗೊಂಡೆ. ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲ ತನಕ ಹೋಗಿ ನಿಂತ.

“ಕೆರಿನ್ ಫೋನ್ ಮಾಡಿದ್ಲು,” ಎಂದ. “ಆಸ್ಪತ್ರೆ ಗೇಟಲ್ಲಿ ಧರಣಿ ಕೂರ್ತಾರಂತೆ. ನನ್ನ ಏಣಿ ಬೇಕಂತೆ, ಬ್ಯಾನರ್ ಕಟ್ಟೋಕೆ.”

“ಏಣಿ ಮಾತ್ರಾನಾ?”

“ಸದ್ಯಕ್ಕೆ ಏಣಿ ಮಾತ್ರ.” ಚೀಲ ಇನ್ನೊಂದು ಹೆಗಲಿಗೆ ಬದಲಿಸಿದ. “ಮಂಗಳವಾರ ಮಾರ್ಕೆಟ್‌ಗೆ ಬರ್ತೀನಿ. ಮಾತಾಡಲ್ಲ.”

“ನಾನೂ ಆಡಲ್ಲ,” ಎಂದೆ.

ಹೋದ. ಹೋಗಲಿ. ಹೋಗುತ್ತ ಎರಡೂವರೆ ಗಂಟೆ, ಬರುತ್ತ ಎರಡೂವರೆ ಗಂಟೆ. ಯಾರು ಮೊದಲು ಬಾಯಿ ಬಿಡುತ್ತಾರೋ ನೋಡಿಯೇ ಬಿಡೋಣ. ನಾನಂತೂ ಅಲ್ಲ.